ಕ್ರೈಸ್ತ ಜೀವನದಲ್ಲಿ ಮದ್ಯಪಾನ ಮತ್ತು ಮಿತಸಂಯಮ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ನಮ್ಮ ಹಿರಿಯರ ವಿಶ್ವಾಸವನ್ನೂ ತ್ಯಾಗವನ್ನೂ ಕೊಂಡಾಡುವುದು ಉಚಿತವೇ ಸರಿ. ಆದರೆ ಜೂಬಿಲಿಯೆಂಬುದು ಪವಿತ್ರ ಗ್ರಂಥದ ಸಂಪ್ರದಾಯದಲ್ಲಿ ಕೇವಲ ಹಬ್ಬವಲ್ಲ. ಸಾಲದಲ್ಲಿ ಸಿಕ್ಕವರನ್ನು ಬಿಡಿಸುವ, ಬಂಧನದಲ್ಲಿರುವವರನ್ನು ಮನೆಗೆ ಕಳುಹಿಸುವ ಕಾಲ. ನಮ್ಮ ಧರ್ಮಕೇಂದ್ರದ ಮನೆಗಳಲ್ಲಿ ಇಂದು ಯಾವ ಬಂಧನವಿದೆ ಎಂದು ಯೋಚಿಸಿದಾಗ, ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ ನಮ್ಮ ಮನಸ್ಸಿಗೆ ಬಂದಿತು. ಅದು ಮದ್ಯಪಾನ. ಆ ವಿಷಯದಲ್ಲಿ ಕ್ರೈಸ್ತರ ನಿಲುವು ಏನಾಗಿರಬೇಕೆಂಬುದನ್ನು ತಮ್ಮ ಮುಂದೆ ನಿವೇದಿಸಿಕೊಳ್ಳಬಯಸುತ್ತೇವೆ.

ಈ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಎರಡು ಉತ್ತರಗಳು ಕೇಳಿಬರುತ್ತವೆ. ಕುಡಿತವೆಂಬುದೇ ಸೈತಾನನ ಸೃಷ್ಟಿ, ಒಂದು ತೊಟ್ಟು ಕುಡಿದರೂ ಪಾಪವೇ ಎಂಬುದು ಮೊದಲನೆಯ ಉತ್ತರ. ಕುಡುಕ ಗಂಡನಿಂದ ನೊಂದ ತಾಯಂದಿರು ಹೀಗೆಂದರೆ ಆಶ್ಚರ್ಯವೇನೂ ಇಲ್ಲ. ಯೇಸುಸ್ವಾಮಿಯವರೇ ಮದುವೆಮನೆಯಲ್ಲಿ ನೀರನ್ನು ದ್ರಾಕ್ಷಾರಸ ಮಾಡಿದರು, ಗುರುಗಳೂ ಪೀಠದ ಮೇಲೆ ಅದನ್ನೇ ಅರ್ಪಿಸುತ್ತಾರೆ, ನಮಗೆ ಮಾತ್ರ ಏಕೆ ಬೇಡ ಎಂಬುದು ಎರಡನೆಯ ಉತ್ತರ. ಇದನ್ನು ಹೇಳುವವರು ಹೆಚ್ಚಾಗಿ ಗಂಡಸರು. ಹೇಳುವುದೂ ಹೆಚ್ಚಾಗಿ ಸಂಜೆಯ ಹೊತ್ತಿನಲ್ಲಿ. ಈ ಎರಡು ಉತ್ತರಗಳಲ್ಲಿಯೂ ಸತ್ಯದ ಅಂಶವುಂಟು. ಆದರೆ ಧರ್ಮಸಭೆಯ ಬೋಧನೆ ಇವೆರಡರಲ್ಲಿ ಯಾವುದೂ ಅಲ್ಲ.

ಪವಿತ್ರ ಗ್ರಂಥವನ್ನು ತೆರೆದರೆ ದ್ರಾಕ್ಷಾರಸವು ಮೊದಲು ದೇವರ ವರವಾಗಿಯೇ ಕಾಣಿಸುತ್ತದೆ. 104ನೆಯ ಕೀರ್ತನೆಯು ಅದನ್ನು ರೊಟ್ಟಿ, ಎಣ್ಣೆಗಳ ಸಾಲಿನಲ್ಲಿಟ್ಟು, ಮನುಷ್ಯನ ಹೃದಯವನ್ನು ಹರ್ಷಗೊಳಿಸುವ ವಸ್ತುವೆಂದು ಸೃಷ್ಟಿಕರ್ತನನ್ನು ಸ್ತುತಿಸುತ್ತದೆ. ಸಿರಾಖನ ಗ್ರಂಥದ 31ನೆಯ ಅಧ್ಯಾಯವು ಮಿತದಲ್ಲಿ ಅದು ಬಾಳಿಗೆ ಚೈತನ್ಯವೆಂದೂ ಮಿತಿಮೀರಿದರೆ ಕಹಿಗೂ ಕಲಹಕ್ಕೂ ಗಾಯಕ್ಕೂ ಕಾರಣವೆಂದೂ ಒಟ್ಟಿಗೇ ಬೋಧಿಸುತ್ತದೆ. ಸಂತ ಪೌಲರು ತಮ್ಮ ಶಿಷ್ಯ ತಿಮೊಥೇಯನ ಹೊಟ್ಟೆಯ ಬಾಧೆಗೆ ಸ್ವಲ್ಪ ದ್ರಾಕ್ಷಾರಸವನ್ನು ಸೂಚಿಸಿದರು. ಕಾನಾ ಊರಿನಲ್ಲಿದ್ದ ಆರು ಕಲ್ಲುಬಾನಿಗಳ ನೀರನ್ನು ಇಂದಿನ ಅಳತೆಯಲ್ಲಿ ಲೆಕ್ಕ ಹಾಕಿದರೆ 450 ಲೀಟರಿಗೂ ಮಿಗಿಲಾಗುತ್ತದೆ. ಸ್ನಾನಿಕ ಯೊವಾನ್ನರು ಮದ್ಯವನ್ನು ಮುಟ್ಟದ ತಪಸ್ವಿ. ಯೇಸುಸ್ವಾಮಿಯವರು ಜನರ ಪಂಕ್ತಿಯಲ್ಲಿ ಕುಳಿತು ಉಂಡವರು, ಕುಡಿದವರು. ವಿರೋಧಿಗಳು ಒಬ್ಬರನ್ನು ದೆವ್ವ ಹಿಡಿದವನೆಂದೂ ಮತ್ತೊಬ್ಬರನ್ನು ಕುಡುಕನೆಂದೂ ಹಳಿದರೆಂದು ಶುಭಸಂದೇಶವೇ ತಿಳಿಸುತ್ತದೆ. ಆದ್ದರಿಂದ ದ್ರಾಕ್ಷಾರಸವನ್ನು ಮುಟ್ಟುವುದೇ ಪಾಪವೆಂದು ಹೇಳಲು ಕಥೋಲಿಕನಿಗೆ ಅವಕಾಶವಿಲ್ಲ.

ಆದರೆ ಅದೇ ಗ್ರಂಥ ಅಷ್ಟೇ ಸ್ಪಷ್ಟವಾಗಿ ಎಚ್ಚರಿಸುತ್ತದೆ. ಜಲಪ್ರಳಯವನ್ನು ದಾಟಿದ ನೋಹನು ತಾನೇ ನೆಟ್ಟ ದ್ರಾಕ್ಷಿಯ ತೋಟದಿಂದ ಮಾನ ಕಳೆದುಕೊಂಡನು. ಜ್ಞಾನೋಕ್ತಿಗಳ 23ನೆಯ ಅಧ್ಯಾಯದಲ್ಲಿ ಕೆಂಪೇರಿದ ಕಣ್ಣು, ಕಾರಣವಿಲ್ಲದ ಗಾಯ, ಎಚ್ಚರವಾದೊಡನೆ ಮತ್ತೆ ಕುಡಿಯಬೇಕೆಂಬ ಹಂಬಲ ಇವುಗಳ ವರ್ಣನೆಯಿದೆ; ಅದನ್ನು ಓದಿದರೆ ನಮ್ಮ ಊರಿನ ಬಸ್ ನಿಲ್ದಾಣದಲ್ಲಿ ಕುಳಿತು ಬರೆದಂತೆ ತೋರುತ್ತದೆ. ಎಲ್ಲಕ್ಕಿಂತ ಗಂಭೀರವಾದುದು ಕೊರಿಂಥದ ಸಭೆಗೆ ಸಂತ ಪೌಲರು ಬರೆದ ಮಾತು. ಪ್ರಭುವಿನ ಭೋಜನಕ್ಕೆಂದು ಸೇರಿದ ಆ ಸಭೆಯಲ್ಲಿ ಒಬ್ಬನು ಹಸಿದು ಕುಳಿತಿದ್ದರೆ ಮತ್ತೊಬ್ಬನು ಕುಡಿದು ಮತ್ತನಾಗಿದ್ದನು. ಅಪೋಸ್ತಲರ ಕೋಪಕ್ಕೆ ಕಾರಣವನ್ನು ಗಮನಿಸಬೇಕು. ಹಸಿದವನೂ ಮತ್ತನಾದವನೂ ಒಂದೇ ಪಂಕ್ತಿಯಲ್ಲಿದ್ದರು. ಹಸಿದವನ ಪಾಲು ಮತ್ತನಾದವನ ಪಾತ್ರೆಯಲ್ಲಿತ್ತು. ನಮ್ಮ ಇಂದಿನ ಮಾತೆಲ್ಲವೂ ಈ ಒಂದು ಚಿತ್ರವನ್ನು ಆಧರಿಸಿದೆಯೆಂದರೆ ತಪ್ಪಾಗಲಾರದು.

ಧರ್ಮಸಭೆಯ ಪಿತೃಗಳೂ ಸಂತರೂ ಈ ಎರಡು ಕೊನೆಗಳನ್ನು ಬಿಟ್ಟು ನಡುದಾರಿಯನ್ನು ಹಿಡಿದರು. ಮದ್ಯವೂ ಮಾಂಸವೂ ಸ್ವಭಾವತಃ ಅಶುದ್ಧವೆಂದು ಸಾರಿದ ಮಾನಿಕೇಯರನ್ನು ಸಂತ ಅಗಸ್ಟೀನರು ಖಂಡಿಸಿದರು. ದೇವರು ಸೃಷ್ಟಿಸಿದುದನ್ನು ಕೆಟ್ಟದ್ದೆನ್ನುವುದು ದೇವನಿಂದೆಯಾದೀತು. ಹೀಗೆ ಖಂಡಿಸಿದ ಸಂತರೇ ತಮ್ಮ ತಾಯಿ ಸಂತ ಮೋನಿಕರ ಬಾಲ್ಯದ ಒಂದು ಪ್ರಸಂಗವನ್ನು ಬರೆದಿಟ್ಟಿದ್ದಾರೆ. ಉಗ್ರಾಣದಿಂದ ದ್ರಾಕ್ಷಾರಸ ತರಲು ಹೋಗುತ್ತಿದ್ದ ಆ ಬಾಲಕಿ ಮೊದಲು ತುಟಿಗೆ ತಾಗುವಷ್ಟು ರುಚಿ ನೋಡಿ, ದಿನದಿನಕ್ಕೆ ಹೆಚ್ಚಿಸುತ್ತ, ಕೊನೆಗೆ ಬಟ್ಟಲು ತುಂಬ ಕುಡಿಯುವ ಅಭ್ಯಾಸಕ್ಕೆ ಬಂದಿದ್ದಳು. ಒಂದು ದಿನ ಜಗಳದಲ್ಲಿ ಮನೆಯ ದಾಸಿ ‘ಕುಡುಕಿ’ ಎಂದು ಹೀಯಾಳಿಸಿದಾಗ ಆಕೆ ನಾಚಿ ಅಂದಿಗೇ ಬಿಟ್ಟಳು. ಮಹಾಸಂತಳಾಗಲಿದ್ದ ಹುಡುಗಿಗೂ ಈ ಅಭ್ಯಾಸ ಹನಿಹನಿಯಾಗಿಯೇ ಹತ್ತಿತು ಎಂಬುದನ್ನು ಮಕ್ಕಳಿರುವ ಮನೆಯವರು ಮರೆಯಬಾರದು.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯ 40ನೆಯ ಅಧ್ಯಾಯದಲ್ಲಿ ಸನ್ಯಾಸಿಗೆ ದಿನಕ್ಕೆ ಒಂದು ಹೆಮಿನದಷ್ಟು ದ್ರಾಕ್ಷಾರಸ ಸಾಕೆಂದರು. ಅದು ಸುಮಾರು ಕಾಲು ಲೀಟರೆಂದು ಹಲವರ ಲೆಕ್ಕ. ಅದನ್ನೂ ಅವರು ಅರೆಮನಸ್ಸಿನಿಂದಲೇ ಕೊಟ್ಟರು. ಪೂರ್ಣವಾಗಿ ಬಿಡಬಲ್ಲವರಿಗೆ ವಿಶೇಷ ಪ್ರತಿಫಲವುಂಟೆಂದರು. ಸಂತ ತೋಮಸ್ ಅಕ್ವಿನಾಸರು ಸಂಯಮವನ್ನು ಕುರಿತು ವಿಚಾರಿಸುವಾಗ, ಅಳತೆಯೆಂಬುದು ಎಲ್ಲರಿಗೂ ಒಂದೇ ಅಲ್ಲವೆಂದೂ, ಬುದ್ಧಿಯ ಸ್ವಾಧೀನವನ್ನು ಅರಿತೂ ಅರಿತೂ ಮದ್ಯಕ್ಕೆ ಒಪ್ಪಿಸುವುದು ಗುರುಪಾಪವೆಂದೂ ನಿರ್ಣಯಿಸಿದರು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ 2290ನೆಯ ಪರಿಚ್ಛೇದದಲ್ಲಿ ಇದನ್ನೇ ಮುಂದುವರಿಸಿ, ಮತ್ತಿನಲ್ಲಿ ವಾಹನ ನಡೆಸಿ ಪರರ ಪ್ರಾಣಕ್ಕೆ ಅಪಾಯ ತರುವವನ ಅಪರಾಧ ಗುರುತರವೆಂದು ಸಾರುತ್ತದೆ. ಬೆಂಗಳೂರಿನಿಂದ ಕೋಲಾರ, ಮುಳಬಾಗಿಲುಗಳ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯ ಪಕ್ಕದಲ್ಲಿ ಬಾಳುವ ನಮಗೆ ಈ ಮಾತಿಗೆ ವಿವರಣೆ ಬೇಕಿಲ್ಲ.

ಇಲ್ಲಿ ನಮ್ಮ ಸಹೋದರ ಸಭೆಯೊಂದನ್ನು ಗೌರವದಿಂದ ನೆನೆಯುವುದು ಯುಕ್ತ. ಕೋಲಾರ ಪಟ್ಟಣದಲ್ಲಿ ಆಸ್ಪತ್ರೆ ನಡೆಸಿ ಜಾತಿಮತ ಭೇದವಿಲ್ಲದೆ ಸೇವೆ ಮಾಡಿರುವ ಮೆಥೋಡಿಸ್ಟ್ ಕ್ರೈಸ್ತರ ಸಂಪ್ರದಾಯದಲ್ಲಿ ಪ್ರಭುಭೋಜನಕ್ಕೆ ಹುಳಿಯದ ದ್ರಾಕ್ಷಿರಸವನ್ನು ಬಳಸುವುದುಂಟು. 1869ರಲ್ಲಿ ಅಮೆರಿಕದ ವೆಲ್ಚ್ ಎಂಬ ಮೆಥೋಡಿಸ್ಟ್ ವೈದ್ಯರು ರಸವು ಹುಳಿಯದಂತೆ ಕಾಯಿಸಿ ಸೀಸೆಗೆ ತುಂಬುವ ಕ್ರಮವನ್ನು ಕಂಡುಕೊಂಡುದು ಇದಕ್ಕೆ ಅನುಕೂಲವಾಯಿತು. ನಮ್ಮ ನಿಯಮ ಬೇರೆ. ಧರ್ಮಸಭೆಯ ಕಾನೂನಿನ 924ನೆಯ ವಿಧಿಯಂತೆ ಬಲಿಪೂಜೆಯ ದ್ರಾಕ್ಷಾರಸವು ದ್ರಾಕ್ಷಿಯ ಹಣ್ಣಿನಿಂದಲೇ ಆದ, ಕೆಡದ, ಸಹಜ ರಸವಾಗಿರಬೇಕು. ಅದಕ್ಕೆ ಕೊಂಚ ನೀರು ಬೆರೆಸಬೇಕು. ನಿಯಮ ಬೇರೆಯಾದರೂ, ಕುಡಿತದಿಂದ ಮುರಿದ ಮನೆಗಳನ್ನು ಕಂಡು ಮರುಗಿದ ಅವರ ಹೃದಯವನ್ನು ನಾವು ಅಲ್ಲಗಳೆಯಲಾಗದು.

ಇನ್ನು ಕಾನಾ ಊರಿನ ಮಾತನ್ನು ಎತ್ತುವವರಿಗೆ ಒಂದು ವಿವರವನ್ನು ತಿಳಿಸಬೇಕು. ಪಾಲೆಸ್ತೀನದಲ್ಲಿ ದ್ರಾಕ್ಷಾರಸವು ಊಟದ ಪಾನೀಯ. ನೀರು ಬೆರೆಸಿ ಕುಡಿಯುವ ರೂಢಿಯಿತ್ತೆಂಬುದಕ್ಕೆ ಮಕ್ಕಬಿಯರ ಎರಡನೆಯ ಗ್ರಂಥದ ಕೊನೆಯ ಸಾಲುಗಳೇ ಸಾಕ್ಷಿ. ಭಟ್ಟಿಯಿಳಿಸಿದ ಮದ್ಯ ಅಂದಿನವರಿಗೆ ತಿಳಿದೇ ಇರಲಿಲ್ಲ. ಸಾಧಾರಣ ದ್ರಾಕ್ಷಾರಸದಲ್ಲಿ ಆಲ್ಕೊಹಾಲಿನ ಪ್ರಮಾಣ ನೂರಕ್ಕೆ ಹನ್ನೆರಡರ ಆಸುಪಾಸು. ನಮ್ಮ ಅಂಗಡಿಗಳಲ್ಲಿ ದೊರೆಯುವ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಅದು ಸಾಮಾನ್ಯವಾಗಿ ನೂರಕ್ಕೆ 42.8. ಮದುವೆಯ ಪಂಕ್ತಿಯಲ್ಲಿ ಹಿರಿಯರೊಡನೆ, ಮನೆಯವರೊಡನೆ, ಊಟದ ನಡುವೆ ನಿಧಾನವಾಗಿ ಕುಡಿದುದಕ್ಕೂ, ಕೂಲಿ ಕೈಗೆ ಬಂದ ಕೂಡಲೇ ಅಂಗಡಿಯ ಮುಂದೆ ನಿಂತು 90 ಮಿಲಿಲೀಟರಿನ ಪೊಟ್ಟಣವನ್ನು ಒಂದೇ ಗುಟುಕಿಗೆ ಬರಿಹೊಟ್ಟೆಗೆ ಇಳಿಸುವುದಕ್ಕೂ ಹೆಸರೊಂದೇ ಇರಬಹುದು, ಕ್ರಿಯೆ ಒಂದೇ ಅಲ್ಲ. ಒಂದನೆಯದರಲ್ಲಿ ಸಂತೋಷ ಹಂಚಿಹೋಗುತ್ತದೆ. ಎರಡನೆಯದರಲ್ಲಿ ಮತ್ತೇ ಗುರಿ.

ನಮ್ಮ ಈ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ನೋಡೋಣ. ಬತ್ತದ ನದಿಯಿಲ್ಲದ, ಕೆರೆಗಳನ್ನೇ ನಂಬಿದ ಈ ನೆಲದಲ್ಲಿ ಈಚಲಮರದ ಹೆಂಡ ಹಿಂದಿನಿಂದ ಪರಿಚಿತ. ಅನಂತರ ಸಾರಾಯಿ ಬಂದಿತು. ಅಬಕಾರಿ ಹರಾಜು, ಗುತ್ತಿಗೆದಾರ, ಪೊಟ್ಟಣಗಳೆಂಬ ವ್ಯವಸ್ಥೆಯೇ ಬೆಳೆಯಿತು. ಸಂವಿಧಾನದ 47ನೆಯ ಅನುಚ್ಛೇದವು ಪಾನನಿರೋಧದ ಕಡೆಗೆ ಸಾಗಬೇಕೆಂದು ರಾಜ್ಯಕ್ಕೆ ನಿರ್ದೇಶಿಸಿದ್ದರೂ, ಅಬಕಾರಿಯ ವರಮಾನವನ್ನು ಬಿಡುವುದು ಯಾವ ಸರಕಾರಕ್ಕೂ ಸುಲಭವಾಗಿಲ್ಲ. ಗಡಿಯಾಚೆ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯಲು ಸೇರಿದ್ದ ಹೆಂಗಸರು 1992ರಲ್ಲಿ ಸಾರಾಯಿ ಅಂಗಡಿಗಳ ವಿರುದ್ಧ ಎದ್ದರು. ಮರುವರ್ಷವೇ ಆ ರಾಜ್ಯದಲ್ಲಿ ಸಾರಾಯಿ ನಿಂತಿತು. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಷೇಧವಾಯಿತು. ಅನೇಕ ತಾಯಂದಿರು ಅಂದು ನಿಟ್ಟುಸಿರು ಬಿಟ್ಟರು.

ಆದರೆ ಅಂಗಡಿ ಮುಚ್ಚಿದರೂ ಬಾಯಾರಿಕೆ ಮುಚ್ಚಲಿಲ್ಲ. ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತಲೂ ನಮ್ಮ ಕೋಲಾರ ಜಿಲ್ಲೆಯಲ್ಲೂ ಮಾಲೂರಿನ ಗಡಿಗೆ ಹೊಂದಿಕೊಂಡ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲೂ ಕಳ್ಳಭಟ್ಟಿಯನ್ನು ಕುಡಿದು 100ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಇಂಥದೇ ದುರಂತದಲ್ಲಿ 300ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಇಂಥ ಮದ್ಯದಲ್ಲಿ ಬೆರೆಯುವ ಮೆಥನಾಲ್ ಬಣ್ಣ, ವಾರ್ನಿಷುಗಳ ಕೈಗಾರಿಕೆಯಲ್ಲಿ ಬಳಸುವ ವಸ್ತು. ಅದು ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣಿನ ನರವನ್ನೂ ಅನಂತರ ಪ್ರಾಣವನ್ನೂ ತೆಗೆಯುತ್ತದೆ. ಸತ್ತವರು ಬಹುಪಾಲು ಬಡ ಕೂಲಿಕಾರರು. ಅವರನ್ನು ಪಾಪಿಗಳೆಂದು ಕರೆದು ಸುಮ್ಮನಾಗುವುದು ಕ್ರೈಸ್ತ ಲಕ್ಷಣವಲ್ಲ. ಕಾನೂನು ಅಂಗಡಿಯನ್ನು ಮುಚ್ಚಬಲ್ಲದು. ಕುಡಿಯುವವನ ಕೈ ಹಿಡಿದು ಕೂರಿಸಿ ಮಾತನಾಡಿಸುವ ಕೆಲಸವನ್ನು ನೆರೆಯವರೇ, ಸಭೆಯೇ ಮಾಡಬೇಕು.

ಹಾಗಾದರೆ ಮಿತವೆಂದರೆ ಎಷ್ಟು? ಈ ಪ್ರಶ್ನೆಗೆ ಲೋಟದ ಅಳತೆಯಲ್ಲಿ ಉತ್ತರ ಹುಡುಕುವವರೇ ಹೆಚ್ಚು. ವಿಜ್ಞಾನದ ಉತ್ತರವಂತೂ ಈಗ ಕಠಿಣವಾಗಿದೆ: ಆರೋಗ್ಯಕ್ಕೆ ನಿರಪಾಯವೆನ್ನಬಹುದಾದ ಮದ್ಯದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಸಂತ ಪೌಲರು ರೋಮನರಿಗೆ ಬರೆದ ಪತ್ರದ 14ನೆಯ ಅಧ್ಯಾಯದಲ್ಲಿ ಬೇರೊಂದು ಅಳತೆಯನ್ನು ಕೊಡುತ್ತಾರೆ. ನಾವು ಕುಡಿಯುವುದು ನಮ್ಮ ಸಹೋದರನನ್ನು ಎಡವಿ ಬೀಳಿಸುವುದಾದರೆ, ವಸ್ತು ಎಷ್ಟೇ ಶುದ್ಧವಾಗಿರಲಿ, ಅದನ್ನು ಬಿಡುವುದೇ ಒಳ್ಳೆಯದೆಂಬುದು ಆ ಬೋಧನೆಯ ಸಾರ. ಕ್ರೈಸ್ತನ ಮಿತವನ್ನು ನಿರ್ಣಯಿಸುವವರು ಅವನ ಪಕ್ಕದಲ್ಲಿರುವವರು: ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ, ಕುಡಿತವನ್ನು ಬಿಡಲು ಹೆಣಗುತ್ತಿರುವ ನೆರೆಯವನು.

ಈ ಅಳತೆಯನ್ನು ಹಿಡಿದು ನೋಡಿದರೆ ಎಷ್ಟೋ ಸಂದೇಹಗಳು ತಾವೇ ಪರಿಹಾರವಾಗುತ್ತವೆ. ವಾಹನ ನಡೆಸಬೇಕಾದವನಿಗೆ, ಗರ್ಭಿಣಿಗೆ, ಬೆಳೆಯುವ ಮಕ್ಕಳಿಗೆ, ಯಕೃತ್ತಿನ ರೋಗಿಗೆ, ಒಮ್ಮೆ ಚಟಕ್ಕೆ ಬಿದ್ದು ಎದ್ದವನಿಗೆ ಮಿತವೆಂದರೆ ಏನೂ ಇಲ್ಲ ಎಂದೇ ಅರ್ಥ. ಮಾಲೂರಿನ ಇಟ್ಟಿಗೆ ಗೂಡಿನಲ್ಲಿ, ಕೋಲಾರದ ಟೊಮೊಟೊ ಮಂಡಿಯಲ್ಲಿ, ಶ್ರೀನಿವಾಸಪುರದ ಮಾವಿನ ಸುಗ್ಗಿಯಲ್ಲಿ ದುಡಿದು ಬಂದವನು ದಿನಕ್ಕೆ 100 ರೂಪಾಯಿಯನ್ನು ಕುಡಿತಕ್ಕೆ ಕೊಟ್ಟರೆ ವರ್ಷಕ್ಕೆ 36,500 ರೂಪಾಯಿ. ಅವನು ಎಂದೂ ತೂರಾಡದಿರಬಹುದು, ಬೈಯದಿರಬಹುದು. ತಾನು ಮಿತಪಾನಿಯೆಂದು ನಂಬಿರಲೂಬಹುದು. ಆದರೆ ಮಗಳ ಕಾಲೇಜಿನ ಶುಲ್ಕಕ್ಕೆ ಅವನ ಹೆಂಡತಿ ಕಿವಿಯ ಓಲೆಯನ್ನು ಅಡವಿಡುತ್ತಿದ್ದರೆ, ಕೊರಿಂಥದ ಪಂಕ್ತಿ ಅವನ ಮನೆಯಲ್ಲೇ ನಡೆಯುತ್ತಿದೆ. ಇನ್ನೊಂದು ಕಡೆ, ಬೆಂಗಳೂರು ನೀಲಿ ದ್ರಾಕ್ಷಿಯನ್ನು ಸಕ್ಕರೆಯೊಡನೆ ಜಾಡಿಯಲ್ಲಿಟ್ಟು, ಕ್ರಿಸ್ತಜಯಂತಿಯ ದಿನ ಕೇಕಿನೊಡನೆ ಅತಿಥಿಗಳಿಗೆ ಚಿಕ್ಕ ಬಟ್ಟಲಿನಲ್ಲಿ ಹಂಚುವ ಅಜ್ಜಿಯನ್ನು ಪಾಪಿಯೆನ್ನಲು ನಮಗೆ ಧೈರ್ಯವಿಲ್ಲ. ಆ ಅಜ್ಜಿಯೂ ಒಂದನ್ನು ನೋಡಿಕೊಳ್ಳಬೇಕು: ಬೇಡವೆಂದವರನ್ನು ಬಲವಂತ ಮಾಡಬಾರದು, ಮಕ್ಕಳ ಬಾಯಿಗೆ ಸೋಕಿಸಬಾರದು.

ಕುಡಿತದ ಚಟವು ಒಂದು ಹಂತವನ್ನು ದಾಟಿದ ಮೇಲೆ ರೋಗವಾಗುತ್ತದೆಂದು ವೈದ್ಯರು ಒಪ್ಪಿದ್ದಾರೆ. ಬಹುಕಾಲ ವಿಪರೀತವಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಭ್ರಮೆ, ಸೆಳವು ಬರಬಹುದು, ಪ್ರಾಣಾಪಾಯವೂ ಉಂಟು. ಆಣೆ ಹಾಕಿಸಿ ಕೋಣೆಯಲ್ಲಿ ಕೂಡಿಹಾಕುವುದು ಚಿಕಿತ್ಸೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಮುಕ್ತಿಗೆ ಪ್ರತ್ಯೇಕ ವಿಭಾಗವೇ ಇದೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗದಲ್ಲಿ ಕುಡಿತ ಬಿಟ್ಟವರೇ ಬಿಡಬೇಕೆನ್ನುವವರ ಜೊತೆ ಕುಳಿತು ದಿನಕ್ಕೊಂದು ದಿನವೆಂಬಂತೆ ಧೈರ್ಯ ಹೇಳುತ್ತಾರೆ. ಪಾಪನಿವೇದನೆಯ ಕೃಪೆಯೂ ವೈದ್ಯರ ಔಷಧವೂ ಪರಸ್ಪರ ವಿರೋಧಿಗಳಲ್ಲ.

ಐರ್ಲೆಂಡಿನ ಡಬ್ಲಿನ್ ನಗರದ ಮ್ಯಾಟ್ ಟಾಲ್ಬಟ್ ಎಂಬ ಕೂಲಿಕಾರನ ಬಾಳು ಇದಕ್ಕೆ ದೃಷ್ಟಾಂತ. ಹನ್ನೆರಡನೆಯ ವಯಸ್ಸಿನಲ್ಲೇ ಚಟಕ್ಕೆ ಬಿದ್ದ ಅವನು ಕುಡಿಯಲು ಕಾಸಿಲ್ಲದೆ ಬೀದಿಯ ವಾದ್ಯಗಾರನೊಬ್ಬನ ಪಿಟೀಲನ್ನು ಕದ್ದು ಮಾರಿದ್ದುಂಟು. 1884ರಲ್ಲಿ, 28ರ ವಯಸ್ಸಿನಲ್ಲಿ, ಗುರುವಿನ ಮುಂದೆ ಪ್ರತಿಜ್ಞೆ ಮಾಡಿ ಬಿಟ್ಟವನು 1925ರಲ್ಲಿ ಬಲಿಪೂಜೆಗೆ ನಡೆದುಹೋಗುತ್ತಿದ್ದಾಗ ಕುಸಿದು ಸಾಯುವವರೆಗೆ ಮತ್ತೆ ಮುಟ್ಟಲಿಲ್ಲ. ಆ ವಾದ್ಯಗಾರನನ್ನು ಅವನು ಬಹುಕಾಲ ಹುಡುಕಿದನು, ಸಿಗಲಿಲ್ಲ. ಪಿಟೀಲಿನ ಬೆಲೆಯನ್ನು ಬಲಿಪೂಜೆಗಳಿಗೆಂದು ಅರ್ಪಿಸಿದನು. ಧರ್ಮಸಭೆ ಅವನನ್ನು 1975ರಲ್ಲಿ ಪೂಜ್ಯನೆಂದು ಘೋಷಿಸಿತು.

ಹೀಗೆ ಮರಳಿ ಬಂದ ಸಹೋದರನೊಬ್ಬನು ಪೀಠದ ಮುಂದೆ ನಿಂತು, ಆ ಪಾತ್ರೆಯೇ ತನ್ನನ್ನು ಮತ್ತೆ ಕೆಡವೀತೆಂದು ಅಂಜಿದರೆ ಅವನಿಗೆ ಏನು ಹೇಳೋಣ? ಒಂದೇ ರೂಪದಲ್ಲಿ ಪರಮಪ್ರಸಾದವನ್ನು ಸ್ವೀಕರಿಸುವವನೂ ಕ್ರಿಸ್ತನನ್ನು ಪೂರ್ಣವಾಗಿಯೇ ಸ್ವೀಕರಿಸುತ್ತಾನೆಂದು ಟ್ರೆಂಟ್ ಮಹಾಸಭೆ 1562ರಲ್ಲಿ ಸಾರಿತು. ರೊಟ್ಟಿಯ ರೂಪದಲ್ಲಿ ಮಾತ್ರ ಸ್ವೀಕರಿಸುವ ಅವನಿಗೆ ಯಾವುದೂ ಕಡಿಮೆಯಾಗದು. ಗುರುವೊಬ್ಬರಿಗೇ ಈ ತೊಂದರೆಯಿದ್ದರೆ, ಹುಳಿಯುವಿಕೆಯನ್ನು ತಡೆದ ತಾಜಾ ದ್ರಾಕ್ಷಿರಸವನ್ನು ಬಳಸಲು ಧರ್ಮಾಧ್ಯಕ್ಷರು ಅನುಮತಿ ಕೊಡಬಹುದೆಂದು 2003ರ ರೋಮಿನ ಪತ್ರ ತಿಳಿಸುತ್ತದೆ. ದ್ರಾಕ್ಷಾರಸವನ್ನು ಬಲಿಯ ವಸ್ತುವಾಗಿ ಉಳಿಸಿಕೊಂಡ ಧರ್ಮಸಭೆಯೇ ಒಬ್ಬ ದುರ್ಬಲನಿಗಾಗಿ ಇಷ್ಟು ಎಚ್ಚರ ವಹಿಸಿದೆ. ನಮ್ಮ ಮದುವೆಮನೆಗಳಲ್ಲಿ ಇಷ್ಟು ಎಚ್ಚರವುಂಟೇ?

ಕೊನೆಯದಾಗಿ, ಎರಡನೆಯ ಶತಮಾನಕ್ಕೆ ಕಾಲಿಡುವ ಈ ಧರ್ಮಕೇಂದ್ರದ ಮುಂದೆ ಮೂರು ಬಿನ್ನಹಗಳನ್ನಿಡುತ್ತೇವೆ.

ಒಂದನೆಯದು, ಜ್ಞಾನಸ್ನಾನ, ಪ್ರಥಮ ಪರಮಪ್ರಸಾದ, ಮದುವೆ, ದೇವಾಲಯದ ವಾರ್ಷಿಕೋತ್ಸವಗಳಲ್ಲಿ ಮದ್ಯವನ್ನು ಹಂಚುವ ಪದ್ಧತಿಯನ್ನು ನಿಲ್ಲಿಸೋಣ. ಸಾವಿನ ಮನೆಯಲ್ಲಿ ಗುಂಡಿ ತೋಡುವವರಿಗೆ ಕುಡಿಸುವ ರೂಢಿಯಿದ್ದರೆ ಅದರ ಬದಲು ಊಟವನ್ನೂ ನ್ಯಾಯವಾದ ಕೂಲಿಯನ್ನೂ ಕೊಡೋಣ. ಇದು ದ್ರಾಕ್ಷಾರಸವನ್ನು ಪಾಪವೆನ್ನುವುದಲ್ಲ; ಪಂಕ್ತಿಯಲ್ಲಿ ಬಿಡಲು ಹೆಣಗುತ್ತಿರುವ ಒಬ್ಬನು ಇರಬಹುದೆಂಬ ಪ್ರೀತಿ.

ಎರಡನೆಯದು, ಮಿತವಾಗಿ ಕುಡಿಯುವವರು ತಪಸ್ಸುಕಾಲದ ನಲವತ್ತು ದಿನ ಪೂರ್ಣವಾಗಿ ಬಿಟ್ಟು ನೋಡಲಿ. ಬಿಡಲಾದರೆ ಉಳಿದ ಹಣವನ್ನು ಬಡಮಕ್ಕಳ ಶಿಕ್ಷಣಕ್ಕೆ ಕೊಡಲಿ. ಬಿಡಲಾಗದಿದ್ದರೆ, ತಮ್ಮದು ಮಿತವಲ್ಲವೆಂದು ತಿಳಿದಂತಾಯಿತು. ನಾಚದೆ ಸಹಾಯ ಕೇಳಲಿ.

ಮೂರನೆಯದು, ಕುಡಿದ ಗಂಡನ ಹೊಡೆತಕ್ಕೆ ಹೆದರಿ ದೇವಾಲಯದ ಬಾಗಿಲಿಗೆ ಬರುವ ಹೆಣ್ಣುಮಗಳಿಗೆ ‘ತಾಳ್ಮೆಯಿಂದಿರಮ್ಮ, ಪ್ರಾರ್ಥಿಸು’ ಎಂದಷ್ಟೇ ಹೇಳಿ ಕಳುಹಿಸದಿರೋಣ. ಸಂಗಾತಿಯಿಂದ ತನಗಾಗಲಿ ಮಕ್ಕಳಿಗಾಗಲಿ ಗಂಭೀರ ಅಪಾಯವಿದ್ದರೆ ಬೇರೆ ವಾಸಿಸಲು ಧರ್ಮಸಭೆಯ ಕಾನೂನಿನ 1153ನೆಯ ವಿಧಿಯೇ ಅವಕಾಶ ಕೊಟ್ಟಿದೆ. ದೇಶದ ಕಾನೂನೂ 2005ರ ಕೌಟುಂಬಿಕ ಹಿಂಸೆ ತಡೆ ಅಧಿನಿಯಮದ ಮೂಲಕ ಆಕೆಗೆ ರಕ್ಷಣೆ ಕೊಟ್ಟಿದೆ. ಮದುವೆಯ ಬಂಧ ಮುರಿಯದೆಯೇ ಆಕೆಯ ಪ್ರಾಣ ಉಳಿಯಬಹುದು, ಆ ಗಂಡನಿಗೂ ಎಚ್ಚರವಾಗಬಹುದು. ಅವಳಿಗೆ ಒಂದು ರಾತ್ರಿ ತಂಗಲು ಜಾಗ, ಅವನನ್ನು ಆಸ್ಪತ್ರೆಗೆ ಕರೆದೊಯ್ಯಲು ಇಬ್ಬರು ಜೊತೆಗಾರರು: ಇಷ್ಟನ್ನು ನಮ್ಮ ಧರ್ಮಕೇಂದ್ರದ ಸಂಘಗಳು ಒದಗಿಸಲಾರವೇ?

ಕಾನಾ ಊರಿನ ಮನೆಯಲ್ಲಿ ಕೊರತೆಯನ್ನು ಮೊದಲು ಕಂಡವರು ಮಾತೆ ಮರಿಯಮ್ಮನವರು. ಅತಿಥಿಗಳು ಗಮನಿಸುವ ಮುನ್ನವೇ, ಮನೆಯವರ ಮಾನ ಹೋಗುವ ಮುನ್ನವೇ, ಸದ್ದಿಲ್ಲದೆ ಮಗನಿಗೆ ತಿಳಿಸಿದರು. ನಮ್ಮ ಮನೆಗಳಲ್ಲಿ ಇಂದು ಕೊರತೆಯಾಗಿರುವುದು ದ್ರಾಕ್ಷಾರಸವಲ್ಲ. ನೆಮ್ಮದಿ, ಮಕ್ಕಳ ಊಟ, ಹೆಂಡತಿಯ ನಿದ್ರೆ. ಅದನ್ನು ಕಾಣುವ ಕಣ್ಣನ್ನೂ, ಮಾನ ಕಳೆಯದೆ ನೆರವಾಗುವ ಜಾಣ್ಮೆಯನ್ನೂ ಆ ತಾಯಿಯ ಮಧ್ಯಸ್ಥಿಕೆಯಿಂದ ಪ್ರಭು ನಮ್ಮೆಲ್ಲರಿಗೂ ಅನುಗ್ರಹಿಸಲೆಂದು ಬೇಡಿಕೊಳ್ಳುತ್ತೇವೆ.